ಒಪ್ಪತ್ತಿಲ್ಲದ ವಾರ

ಜುಲೈ 14, ಸೋಮವಾರ

ಈ ನೋಟ್‌ಬುಕ್ ನನ್ನ ಮಗಳು ನಾಗರತ್ನಳದು. ಎಂಟನೇ ತರಗತಿಯ ವಿಜ್ಞಾನದ್ದು. ಟ್ರಂಕಿನಲ್ಲಿ ಅವಳ ಸೀರೆಗಳ ಕೆಳಗೆ ಸಿಕ್ಕಿತು. ಮುಂದಿನ ಅರ್ಧ ಅವಳು ಬರೆದಿದ್ದಾಳೆ, ಹಿಂದಿನ ಅರ್ಧ ಖಾಲಿ ಇದೆ. ನಾನು ಹಿಂದಿನಿಂದ ಶುರು ಮಾಡಿದ್ದೇನೆ. ಅವಳು ಬರೆದ ಪುಟಗಳನ್ನು ತಿರುಗಿಸಿ ನೋಡಿಲ್ಲ.

ನಾನು ಓದಿದ್ದು ಏಳನೇ ತರಗತಿ, ತವರೂರು ಸರಸಂಬಾದಲ್ಲಿ. ಬರೆಯುವ ರೂಢಿ ಇಲ್ಲ. ಆದರೆ ಮಾತು ಹೊರಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಇವರೂ ಮಾತಾಡುವುದಿಲ್ಲ. ಹೊಲಕ್ಕೆ ಹೋಗುತ್ತಾರೆ, ಬರುತ್ತಾರೆ.

ನಾಗರತ್ನ ಹೋಗಿ ನಾಲ್ಕು ತಿಂಗಳಾಯಿತು. ಜೇವರ್ಗಿ ಕಡೆಯ ಅವಳ ಗಂಡನ ಊರಿನಿಂದ ಹೆರಿಗೆಗೆ ಕರೆತರಲು ದಿನ ಗೊತ್ತು ಮಾಡಿದ್ದೆವು. ಅದಕ್ಕೆ ಎಂಟು ದಿನ ಮೊದಲೇ ನೋವು ಬಂತು. ಕಲಬುರಗಿಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಕೂಸೂ ಉಳಿಯಲಿಲ್ಲ. ಮೈಯಲ್ಲಿ ರಕ್ತವೇ ಇರಲಿಲ್ಲ ಎಂದರು.

ಇವತ್ತಿನಿಂದ ಮತ್ತೆ ಶಾಲೆಯ ಬಿಸಿಯೂಟದ ಕೆಲಸಕ್ಕೆ ಹೋದೆ. ಶಮ್ಸುನ್ನಿಸಾ ಆಪಾ ಮುಖ್ಯ ಅಡುಗೆಯವಳು. ನನ್ನನ್ನು ನೋಡಿದ್ದೇ, "ಬಂದೇನ್ ಬೇ? ಮೂರ್ ತಿಂಗಳು ತಾಟ ತೊಳ್ದು ನನ್ನ ಕೈ ಬಿದ್ದು ಹೋದ್ವು" ಎಂದಳು. ಬೇರೆ ಏನೂ ಕೇಳಲಿಲ್ಲ. ಅದಕ್ಕೆ ಅವಳೆಂದರೆ ನನಗೆ ಆಗುತ್ತದೆ.

ಅಡುಗೆಗೆ ಉಪ್ಪು ಖಾರ ನೋಡುವುದು ಆಪಾ. ನಾನು ಬಾಯಿಗೆ ಇಡುವುದಿಲ್ಲ. ಮಾರ್ಚಿನಿಂದ ನನ್ನದು ಸಂಜೆ ಒಂದೇ ಊಟ. ಹರಕೆ ಏನಿಲ್ಲ. ಹಗಲಿನಲ್ಲಿ ಗಂಟಲಿನಿಂದ ಇಳಿಯುವುದಿಲ್ಲ, ಅಷ್ಟೆ.

ಜುಲೈ 16, ಬುಧವಾರ

ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ದೊಡ್ಡ ತರಗತಿಯ ಹುಡುಗಿಯರ ರಕ್ತ ನೋಡಿದರು. ಬೆರಳಿಗೆ ಚುಚ್ಚಿ, ಅಂಗೈಯಷ್ಟು ಮಷಿನ್ನಿನಲ್ಲಿ ಹನಿ ಇಟ್ಟರೆ ಅಂಕಿ ಬರುತ್ತದೆ. ಹುಡುಗಿಯರು ಅದನ್ನು ಪರೀಕ್ಷೆಯ ಅಂಕದ ಹಾಗೆ ಹೇಳಿಕೊಂಡು ಓಡಾಡಿದರು. "ನಂದು ಹನ್ನೊಂದು, ನಿಂದೆಷ್ಟು?" ಹನ್ನೆರಡು ಇರಬೇಕಂತೆ.

ಒಂಬತ್ತನೇ ತರಗತಿಯ ಶಾಂಭವಿಯದು ಎಂಟು ಪಾಯಿಂಟ್ ಎರಡು. ಎಲ್ಲರಿಗಿಂತ ಕಡಿಮೆ. ಅವಳು ದೌಲತರಾಯ ಗೌಡರ ಮಗಳು. ನಾಲ್ಕು ಕೂರಿಗೆ ತೊಗರಿ ಬಿತ್ತುವ ಮನೆ, ಗೌಡರು ಶಾಲಾ ಸಮಿತಿಯ ಅಧ್ಯಕ್ಷರು. ಉಣ್ಣಲಿಕ್ಕೆ ಕೊರತೆ ಇರುವ ಮನೆಯಲ್ಲ.

"ಮೆಟ್ಲ ಹತ್ತಿದ್ರ ದಮ್ಮ ಬರ್ತದೇನವ್ವಾ?" ಸಿಸ್ಟರ್ ಕೇಳಿದರು.

"ಇಲ್ರಿ" ಎಂದಳು. ಸುಳ್ಳು. ನೀರಿನ ಕೊಡ ಎತ್ತಿದರೆ ಗೋಡೆ ಹಿಡಿದು ನಿಲ್ಲುವುದನ್ನು ನಾನೇ ನೋಡಿದ್ದೇನೆ.

ಎಲ್ಲ ಹುಡುಗಿಯರಿಗೂ ಪ್ರತಿ ಸೋಮವಾರ ಶಾಲೆಯಲ್ಲಿ ಊಟವಾದ ಮೇಲೆ ಕಬ್ಬಿಣದ ನೀಲಿ ಗುಳಿಗೆ ಒಂದು. ಶಾಂಭವಿಗೆ ಉಳಿದ ದಿನಗಳಿಗೂ ಮನೆಗೆ ಗುಳಿಗೆಯ ಪಟ್ಟಿ ಕೊಟ್ಟರು. ಇನ್ನೂ ಇಳಿದರೆ ದೊಡ್ಡ ದವಾಖಾನೆಗೆ ಸೇರಿಸಬೇಕು ಎಂದು ಸುನಿತಾ ಟೀಚರಿಗೆ ಮೆಲ್ಲಗೆ ಹೇಳಿದರು. ನಾನು ಅಲ್ಲೇ ಬಾಳೆಹಣ್ಣಿನ ಗೊನೆ ಬಿಚ್ಚುತ್ತಿದ್ದೆ. ಕೇಳಿಸಿತು.

ನಾಗರತ್ನಳದು ಆರು ಇತ್ತು.

ಜುಲೈ 18, ಶುಕ್ರವಾರ

ಅಕ್ಕಿ ಆರಿಸುತ್ತಿದ್ದೆ. ಶಾಂಭವಿ ನೀರು ಕುಡಿಯುವ ನೆಪದಲ್ಲಿ ಬಂದು ಮೊರದಿಂದ ಒಂದು ಹಿಡಿ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಳು. ನಾನು ನೋಡಿದೆ. ಅವಳು ನಕ್ಕಳು. "ಕಾಕಿ, ಯಾರಿಗೂ ಹೇಳಬ್ಯಾಡ್ರಿ."

ನಾಗರತ್ನಳೂ ಹಾಗೇ ಮುಕ್ಕುತ್ತಿದ್ದಳು. ಹಸಿ ಅಕ್ಕಿ ತಿಂದರೆ ಮದುವೆಯಲ್ಲಿ ಮಳೆ ಬರುತ್ತದೆ ಎಂದು ಹೆದರಿಸುತ್ತಿದ್ದೆ. ಅವಳ ಮದುವೆಯಲ್ಲಿ ಮಳೆ ಬರಲಿಲ್ಲ.

ರಕ್ತ ಕಡಿಮೆ ಇದ್ದವರಿಗೆ ಹಾಗೆ ತಿನ್ನಬೇಕು ಅನ್ನಿಸುತ್ತದಂತೆ. ಸುನಿತಾ ಟೀಚರ್ ಇವತ್ತು ಹೇಳಿದರು. ನನಗೆ ಇವತ್ತು ಗೊತ್ತಾಯಿತು.

ಜುಲೈ 21, ಸೋಮವಾರ

ಶಾಂಭವಿ ತಾಟು ತೆಗೆದುಕೊಳ್ಳಲಿಲ್ಲ. ಸಾಲಿನಲ್ಲಿ ಕೂತಳು, ಬಡಿಸಲು ಹೋದರೆ ಕೈ ಅಡ್ಡ ಹಿಡಿದಳು.

"ಇವತ್ತ ಒಪ್ಪತ್ತು ಕಾಕಿ. ಸಂಜಿಗಿ ಪೂಜಿ ಆದ ಮ್ಯಾಲೇ ಊಟ. ಟೀಚರಿಗಿ ಹೇಳಬ್ಯಾಡ್ರಿ, ಒದರ್ತಾರ."

ಮಗಳ ಮೈಯಲ್ಲಿ ಶಕ್ತಿ ಬರಲಿ ಎಂದು ಅವಳ ಅವ್ವ ಸುಂದರಬಾಯಿ ಸೋಮವಾರ ಹಿಡಿಸಿದ್ದಾಳಂತೆ. ಹೋದ ದೀಪಾವಳಿಯಿಂದ.

ಊಟ ಮುಗಿದ ಮೇಲೆ ಸುನಿತಾ ಟೀಚರ್ ಗುಳಿಗೆ ಡಬ್ಬಿ ಹಿಡಿದು ಬಂದರು. "ಎಲ್ಲಾರ್ದೂ ಊಟ ಆಯ್ತೇನ್ರೆವ್ವಾ?" "ಆಯ್ತ್ರೀ!" ಎಂದು ಎಲ್ಲರೂ ಕೂಗಿದರು. ಶಾಂಭವಿಯೂ ಕೂಗಿದಳು. ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿ ಹೋದಳು.

ಹೇಳಬೇಕಿತ್ತೋ ಏನೋ. ನಾನು ತಾಟು ತೊಳೆಯುವವಳು. ಮಕ್ಕಳು ನಲ್ಲಿಯಲ್ಲಿ ಜಾಲಿಸಿಟ್ಟ ತಾಟುಗಳನ್ನು ಇನ್ನೊಮ್ಮೆ ತೊಳೆದು, ಎಣಿಸಿ, ಕೋಣೆಗೆ ಕೀಲಿ ಹಾಕುವುದು ನನ್ನ ಕೆಲಸ. ಇವತ್ತು ಮಕ್ಕಳು ನೂರಾ ನಲವತ್ತೊಂದು. ಉಂಡ ತಾಟು ನೂರಾ ಇಪ್ಪತ್ತಾರು.

ಜುಲೈ 24, ಗುರುವಾರ

ಇವತ್ತು ಅಮಾವಾಸ್ಯೆ. ಇವರು ಹೊಲದಿಂದ ನುಗ್ಗೆ ಸೊಪ್ಪು ತಂದು ಒಲೆಯ ಹತ್ತಿರ ಇಟ್ಟರು. ನಾಗರತ್ನಳಿಗೆ ಸೇರುತ್ತಿತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

ನಾಳೆಯಿಂದ ಶ್ರಾವಣ.

ಜುಲೈ 28, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಶ್ರಾವಣದ ಮೊದಲ ಸೋಮವಾರ. ತಾಟು ಕೈಯಲ್ಲಿ ಹಿಡಿಯದವರು ಬಹಳ ಮಂದಿ. ಟೀಚರ್ ಕೇಳಿದರು, ಆಯ್ತ್ರೀ ಎಂದರು, ಗುಳಿಗೆ ನುಂಗಿದರು. ಒಂದು ತಾಸಾಗಿರಬೇಕು. ನಲ್ಲಿಯ ಹತ್ತಿರ ಮೊದಲು ಒಬ್ಬಳು ವಾಂತಿ ಮಾಡಿದಳು, ಅವಳನ್ನು ನೋಡಿ ಇನ್ನೊಬ್ಬಳು, ಹೀಗೆ ಐದಾರು ಮಂದಿ. ಶಾಂಭವಿ ವಾಂತಿ ಮಾಡಲಿಲ್ಲ. ಸುಮ್ಮನೆ ನಿಂತಿದ್ದವಳು ಹಾಗೇ ಕುಸಿದಳು. ನಲ್ಲಿಯ ಕಟ್ಟೆಗೆ ಹಣೆ ಬಡಿಯಿತು.

ನಾನೇ ಓಡಿ ಎತ್ತಿದೆ. ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಬೆಳ್ಳಗೆ, ಸುಣ್ಣದ ಹಾಗೆ. ಆಪಾ ನೀರು ಚಿಮುಕಿಸುತ್ತ "ಸಕ್ಕೂ, ಆಕಿ ಕೈ ಬಿಡು, ಬಿಡು ಬೇ" ಎನ್ನುತ್ತಿದ್ದಳು. ನಾನು ಹಿಡಿದೇ ಇದ್ದೆನಂತೆ.

ಜೀಪಿನಲ್ಲಿ ಆಳಂದಕ್ಕೆ ಒಯ್ದರು. ಸಂಜೆಗೆ ಎಚ್ಚರವಾಗಿ ಮಾತಾಡಿದಳು ಎಂದು ಸುದ್ದಿ ಬಂತು. ಅಷ್ಟರಲ್ಲಿ ಊರು ತುಂಬ ಬೇರೆ ಸುದ್ದಿ ಹಬ್ಬಿತ್ತು. ಗುಳಿಗೆಯಲ್ಲಿ ವಿಷ ಇದೆ, ಹುಡುಗಿಯರಿಗೆ ಮುಂದೆ ಮಕ್ಕಳಾಗದ ಹಾಗೆ ಮಾಡುವ ಔಷಧ ಅದು ಎಂದು.

ಉಂಡ ತಾಟು ನೂರಾ ಹದಿನೇಳು. ಮಕ್ಕಳು ನೂರಾ ನಲವತ್ತು.

ಜುಲೈ 30, ಬುಧವಾರ

ಪಂಚಮಿ ಹಬ್ಬ ಕಳೆದು ಶಾಲೆ ತೆರೆಯಿತು. ಗೌಡರು ಬೆಳಿಗ್ಗೆಯೇ ಬಂದರು. ಹೆಡ್ ಮಾಸ್ತರು ಅನೀಲಕುಮಾರ ಸರ್ ಅವರ ಮೇಜಿನ ಮೇಲೆ ಗುಳಿಗೆಯ ಪಟ್ಟಿ ಒಗೆದರು. ಮನೆಗೆ ಕೊಟ್ಟಿದ್ದ ಪಟ್ಟಿ. ಎರಡು ಮಾತ್ರ ಖಾಲಿಯಾಗಿತ್ತು.

"ನನ್ನ ಮಗಳು ಸತ್ತಿದ್ರ ಯಾರ್ ಜವಾಬ್ದಾರ್ರಿ ಮಾಸ್ತರ? ನೀವೋ, ಸರ್ಕಾರೋ?"

"ಗೌಡ್ರ, ಕುಂದರ್ರಿ, ಚಹಾ ಕುಡೀರಿ. ಡಾಕ್ಟರು ಏನೂ ಫಿಕರಿಲ್ಲ ಅಂದಾರ."

"ನಿಮ್ಮ ಚಹಾ ಬ್ಯಾಡ. ಈ ಸಾಲ್ಯಾಗ ಇನ್ನ ಒಂದ್ ಗುಳಿಗಿನೂ ಕೊಡಬಾರ್ದು. ಕೊಟ್ರಂದ್ರ ನಾ ಬಾಗಿಲಿಗಿ ಕೀಲಿ ಜಡೀತೀನಿ."

ಆಗಸ್ಟ್ ಇಪ್ಪತ್ತಕ್ಕೆ ಸಮಿತಿ ಸಭೆ, ಅಲ್ಲಿಯವರೆಗೆ ಗುಳಿಗೆ ಬಂದ್. ಸಭೆಯಲ್ಲಿ ಬೇಡ ಎಂದು ಬರೆದು ಸಹಿ ಮಾಡಿದರೆ ಕಾಯಂ ಬಂದ್. ಸುನಿತಾ ಟೀಚರ್ ಕಣ್ಣು ಕೆಂಪಗಾಗಿದ್ದವು. ಗುಳಿಗೆ ಕೊಟ್ಟ ಕೈ ಅವರದೇ ಅಲ್ಲವೆ. ಊರಲ್ಲಿ ಅವರ ಹೆಸರೇ ಕೆಟ್ಟಿದೆ.

ನಾನು ಬಾಗಿಲ ಹತ್ತಿರ ಹಾಲಿನ ಕೆಟಲ್ ಹಿಡಿದು ನಿಂತಿದ್ದೆ. ಅವಳು ಅವತ್ತು ಉಂಡಿರಲಿಲ್ಲ ಎಂದು ನನಗೆ ಗೊತ್ತು. ಒಂದು ಮಾತು. ಬಾಯಿ ತೆರೆದೆ, ಹಾಲು ಆರುತ್ತದೆ ಎಂದು ಹೊರಗೆ ಬಂದೆ.

ಜುಲೈ 31, ಗುರುವಾರ

ಬರೆಯದೆ ಬಿಟ್ಟದ್ದೊಂದು ಇದೆ. ಬರೆದುಬಿಡುತ್ತೇನೆ. ಇದನ್ನು ಯಾರು ಓದುತ್ತಾರೆ.

ನಾಗರತ್ನಳಿಗೆ ಆರನೇ ತಿಂಗಳು. ಫೋನು ಮಾಡಿದ್ದಳು. "ಅವ್ವಾ, ಗುಳಿಗಿ ಕೊಟ್ಟಾರ. ತಗೊಂಡ್ರ ಹೊಟ್ಟಿ ತೊಳಸ್ತದ. ಹೊರಕಡಿ ಹೋದ್ರ ಕರ್ರಗ ಆಗಾಕತ್ತದ. ಅಂಜಿಕಿ ಬರ್ತದ. ಬಿಡಲೇನು?"

ಗುಳಿಗೆ ಉಷ್ಣ, ಕೂಸು ಕರ್ರಗಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟ ಎಂದು ಮಂದಿ ಹೇಳುವುದು ನನ್ನ ತಲೆಯಲ್ಲಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದೆ. ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು.

"ಬ್ಯಾಡ ಬಿಡು" ಅಂದೆ.

ಎರಡೇ ಮಾತು. ಇದು ಇವರಿಗೆ ಗೊತ್ತಿಲ್ಲ. ಅಳಿಯನಿಗೂ ಗೊತ್ತಿಲ್ಲ.

ಆಗಸ್ಟ್ 4, ಸೋಮವಾರ

ಶಾಂಭವಿ ಶಾಲೆಗೆ ಬಂದಿಲ್ಲ. ಹಣೆಗೆ ಎರಡು ಹೊಲಿಗೆ ಬಿದ್ದಿವೆಯಂತೆ. ಮೈ ಬಿಳಿಚಿದ್ದು ಹಾಗೇ ಇರುತ್ತದಲ್ಲ, ಅದಕ್ಕೆ ಹೊಲಿಗೆ ಹಾಕಲು ಬರುವುದಿಲ್ಲ. ಇವತ್ತು ಗುಳಿಗೆ ಇಲ್ಲ. ಎಂಟು ಪಾಯಿಂಟ್ ಎರಡು ಈಗ ಎಷ್ಟಾಗಿರಬಹುದು ಎಂದೇ ಇಡೀ ದಿನ ಲೆಕ್ಕ ಹಾಕಿದೆ.

ಇಪ್ಪತ್ತಮೂರು ತಾಟು ಕಡಿಮೆ.

ಆಪಾಗೆ ಹೇಳಿದೆ. "ಆಪಾ, ಸೋಮವಾರ ಅರ್ಧಾ ಹುಡುಗ್ಯಾರು ಉಣ್ಣಂಗಿಲ್ಲ. ಬರೀ ಹೊಟ್ಟಿಲೆ ಗುಳಿಗಿ ನುಂಗ್ಯಾರ."

ಆಪಾ ಸೌಟು ಕೆಳಗಿಟ್ಟಳು. "ಮತ್ತ ಮಾಸ್ತರ ಮುಂದ ಯಾಕ ಹೇಳಿಲ್ಲ ನೀ?"

"ಹುಡುಗಿ ಹೇಳಬ್ಯಾಡ ಅಂತ ಕೈ ಮುಗ್ದಿದ್ದಳು."

"ಹುಡುಗಿ ಕೈ ಮುಗೀತದ, ಗೌಡ ಕೀಲಿ ಜಡೀತಾನ, ನೀ ಬಾಯಿಗಿ ಬೀಗ ಹಾಕ್ಕೋತಿ. ಛಲೋ ಅದ" ಎಂದಳು. ಸೌಟು ಎತ್ತಿಕೊಂಡು ಸಾರು ತಿರುವಿದಳು. ಹೋಗುವಾಗ ಕೇಳಿದಳು, "ಮತ್ತ ಗುಳಿಗಿ ಯಾ ವಾರ ಕೊಡಬೇಕಂತೀ? ಎಲ್ಲಾರೂ ಉಣ್ಣೂ ವಾರ ಯಾವ್ದು?"

ಗೊತ್ತಿಲ್ಲ. ಇಷ್ಟು ವರ್ಷ ತಾಟು ತೊಳೆದೂ ಅದು ಗೊತ್ತಿಲ್ಲ.

ಆಗಸ್ಟ್ 5, ಮಂಗಳವಾರ

ಒಂಬತ್ತು ಕಡಿಮೆ. ತುಳಜಾಪುರದ ಅಂಬಾಭವಾನಿಗೆ ನಡೆದುಕೊಳ್ಳುವ ಮನೆಗಳವು.

ಆಗಸ್ಟ್ 6, ಬುಧವಾರ

ಮಕ್ಕಳು ನೂರಾ ಮೂವತ್ತೆಂಟು. ತಾಟು ನೂರಾ ಮೂವತ್ತೆಂಟು.

ಶಾಂಭವಿ ಬಂದಳು, ಹಣೆಗೆ ಪಟ್ಟಿ. ಎರಡು ಸಲ ಅನ್ನ ಹಾಕಿಸಿಕೊಂಡಳು. ಮೆಟ್ಟಿಲಿನ ಮೇಲೆ ಮೂರು ಕಡೆ ಕೂತು ಎದ್ದು ತರಗತಿಗೆ ಹೋದಳು.

ಆಗಸ್ಟ್ 9, ಶನಿವಾರ

ವಾರ ಮುಗಿಯಿತು. ಗುರುವಾರ ಏಳು ಕಡಿಮೆ, ಗಾಣಗಾಪುರದ ದತ್ತನವರು. ಶುಕ್ರವಾರ ಹನ್ನೊಂದು, ಲಕ್ಷ್ಮಿ. ಇವತ್ತು ಶನಿವಾರ ಆರು, ಹನುಮಂತ. ಅದೂ ಅರ್ಧ ದಿನದ ಶಾಲೆ, ಮಕ್ಕಳು ಗಡಬಡಿಸಿ ಉಂಡು ಓಡುತ್ತಾರೆ.

ಆಪಾಗೆ ಓದಿ ಹೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ದೇವರೆಲ್ಲಾ ವಾರಾ ಹಂಚ್ಕೊಂಡು ಕುಂತಾರಲ್ಲ ಬೇ! ನಮ್ಮಂವ ಒಬ್ಬಾವ, ಒಂದೇ ತಿಂಗಳದಾಗ ಎಲ್ಲಾ ಮುಗಿಸಿಬಿಡ್ತಾನ."

"ಬುಧವಾರ ಯಾರೂ ಕೇಳಿಲ್ಲ ಆಪಾ."

"ಬುಧವಾರ ವಿಠೋಬಂದು ಅಂತಾರಲ್ಲ?"

"ಅಂವಗ ಏಕಾದಶಿ ಸಾಕಂತ."

"ಬಡವ ಅದಾನ, ಪಾಪ" ಎಂದಳು. ನನಗೂ ನಗು ಬಂತು. ಬಾಯಿಯಿಂದ ಸದ್ದು ಬಂದು ನಾನೇ ಬೆಚ್ಚಿದೆ.

ಆಗಸ್ಟ್ 13, ಬುಧವಾರ

ಮತ್ತೆ ಎಣಿಸಿದೆ. ಒಂದೂ ಕಡಿಮೆ ಇಲ್ಲ.

ಸಂಜೆ ನೋಟ್‌ಬುಕ್ ಕೈಯಿಂದ ಜಾರಿ ಬಿತ್ತು, ಮುಂದಿನ ಅರ್ಧ ತೆರೆದುಕೊಂಡಿತು. ಮುಚ್ಚಬೇಕೆಂದೆ. ನಾಗರತ್ನಳ ಅಕ್ಷರ. ದುಂಡಗೆ, ಗೆರೆಯ ಮೇಲೆ ಕೂತ ಹಾಗೆ. ಓದಿದೆ.

"ಪ್ರಶ್ನೆ: ರಕ್ತಹೀನತೆ ಎಂದರೇನು?" ಎಂದಿತ್ತು. ಉತ್ತರದ ಕೆಳಗೆ ಪಟ್ಟಿ. ನುಗ್ಗೆ ಸೊಪ್ಪು, ಮೆಂತ್ಯ, ಸಜ್ಜೆ, ಬೆಲ್ಲ, ತತ್ತಿ. ಅದರ ಕೆಳಗೆ: "ಕಬ್ಬಿಣದ ಗುಳಿಗೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕು. ಬರೀ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ."

ಕೆಂಪು ಮಸಿಯಲ್ಲಿ ಸರಿ ಗುರುತು. "ಉತ್ತಮ" ಎಂದು ಸುನಿತಾ ಟೀಚರ್ ಸಹಿ.

ಹೆದರಬೇಕಾಗಿಲ್ಲ ಎಂದು ಹದಿನಾಲ್ಕು ವರ್ಷಕ್ಕೇ ಬರೆದಿದ್ದಾಳೆ. ಮರೆತಿದ್ದಳು. ನೆನಪು ಮಾಡಿಕೊಡಲಿ ಎಂದೇ ನನಗೆ ಫೋನು ಮಾಡಿದಳೇನೋ.

ಆಗಸ್ಟ್ 18, ಸೋಮವಾರ

ಶ್ರಾವಣದ ಕಡೆಯ ಸೋಮವಾರ. ಶಾಂಭವಿ ಉಣ್ಣಲಿಲ್ಲ. ಸುಂದರಬಾಯಿ ಗುಡಿಯ ಹತ್ತಿರ ಸಿಕ್ಕಿದ್ದಳು. "ಹುಡುಗಿ ಇನ್ನೂ ಬಿಳಿಚೇ ಅದ ಸಕ್ಕುಬಾಯಿ. ಇನ್ನೊಂದ್ ವಾರಾ ಹಿಡೀಬೇಕಂತ ಮಾಡೀನಿ, ಗುರುವಾರ" ಎಂದಳು. ಕಣ್ಣಲ್ಲಿ ನೀರಿತ್ತು.

ಬೇಡ ಎನ್ನಲಿಲ್ಲ. ಹೇಗೆ ಎನ್ನಲಿ. ಅವಳು ಮಗಳಿಗಾಗಿಯೇ ಮಾಡುತ್ತಿದ್ದಾಳೆ. ನಾನೂ ಮಗಳಿಗಾಗಿಯೇ ಅಂದಿದ್ದು.

ನಾಳೆ ಒಂದು ದಿನ. ನಾಡಿದ್ದು ಸಭೆ.

ಆಗಸ್ಟ್ 20, ಬುಧವಾರ

ಏನೇನು ನಡೆಯಿತೋ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಸಭೆ ಏಳನೇ ತರಗತಿಯ ಕೋಣೆಯಲ್ಲಿ. ಗೌಡರು, ಸಮಿತಿಯವರು, ಹೆಣ್ಣುಮಕ್ಕಳ ಅವ್ವಂದಿರು, ಕಿಟಕಿಯ ಆಚೆ ಹುಡುಗಿಯರು. ಸುನಿತಾ ಟೀಚರ್ ಮೂಲೆಯಲ್ಲಿ ನಿಂತಿದ್ದರು. ನಾವು ಚಹಾ ಕೊಡಲು ಹೋಗಿದ್ದೆವು. ನೋಟ್‌ಬುಕ್ ನನ್ನ ಕಂಕುಳಲ್ಲಿತ್ತು. ಯಾಕೆ ತಂದೆ ಎಂದು ಗೊತ್ತಿರಲಿಲ್ಲ.

ಹೆಡ್ ಮಾಸ್ತರು ಠರಾವು ಬರೆದು ಓದಿದರು. ಗುಳಿಗೆ ಕೊಡುವುದು ಬೇಡ. ಗೌಡರು ಪೆನ್ನಿನ ಕ್ಯಾಪ್ ತೆಗೆದರು.

ಆಪಾ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಚಹಾದ ತಟ್ಟೆ ಅಲುಗಾಡಿ ಎರಡು ಕಪ್ ಚೆಲ್ಲಿದವು. ಎಲ್ಲರೂ ನನ್ನ ಕಡೆ ನೋಡಿದರು.

"ಆವತ್ತ ಶಾಂಭವಿ ಉಂಡಿಲ್ರಿ" ಅಂದೆ.

"ಏನಂದಿ?"

"ಉಂಡಿಲ್ರಿ ಗೌಡ್ರ. ಆಕೀದು ಸೋಮವಾರ ಒಪ್ಪತ್ತು. ಬರೀ ಹೊಟ್ಟಿಲೆ ಗುಳಿಗಿ ನುಂಗ್ಯಾಳ. ಇಪ್ಪತ್ತಮೂರು ಮಂದಿ ಉಂಡಿದ್ದಿಲ್ಲ. ವಾಂತಿ ಮಾಡ್ಕೊಂಡ ಹುಡುಗ್ಯಾರೆಲ್ಲಾ ಅದರಾಗಿನವ್ರೇ."

"ನೀ ಅಡಗಿ ಮಾಡಾಕಿ. ನಿಂಗ ಹ್ಯಾಂಗ ಗೊತ್ತು?"

"ಅಡಗಿ ಆಪಾ ಮಾಡ್ತಾಳ್ರಿ. ನಾ ತಾಟ ತೊಳಿಯಾಕಿ. ಉಂಡಿದ್ದು ಯಾರು, ಬಿಟ್ಟಿದ್ದು ಯಾರು ಅಂತ ತಾಟ ಹೇಳ್ತದ್ರಿ."

ಹಿಂದಿನಿಂದ ಯಾರೋ ನಕ್ಕರು. ಗೌಡರ ಮುಖ ಕೆಂಪಾಯಿತು. ಸಿಟ್ಟಿನಲ್ಲಿ ಅಂದರು, ಅವರು ಕೆಟ್ಟವರಲ್ಲ, ಆದರೂ ಅಂದರು: "ಮಂದಿ ಮಕ್ಕಳಿಗಿ ಶಾಣೇತನ ಹೇಳಾಕ ಬಂದೀದಿ. ನಿನ್ನ ಮಗಳಿಗಿ ಯಾಕ ಹೇಳಿಲ್ಲ?"

ಯಾರೋ "ಗೌಡ್ರ…" ಎಂದರು.

"ಹೌದ್ರಿ" ಅಂದೆ. "ಆಕಿ ನನ್ನ ಕೇಳಿದ್ಲು, ಗುಳಿಗಿ ಬಿಡ್ಲೇನು ಅಂತ. ನಾ ಬ್ಯಾಡ ಬಿಡು ಅಂದೆ. ನಾನೇ ಅಂದೆ. ಆಕೀದು ಆರಿತ್ರಿ. ನಿಮ್ಮ ಮಗಳದು ಎಂಟದ. ಎರಡರದಾ ಫರಕ ಅದ ನಡುವ."

ಚಹಾದ ತಟ್ಟೆ ಕೆಳಗಿಟ್ಟು, ಆ ಪುಟ ಬಿಚ್ಚಿದೆ. ಮಕ್ಕಳ ಡೆಸ್ಕಿನ ಮೇಲೆ ಕೂತೆ. ಸುನಿತಾ ಟೀಚರ್ ಬಂದು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡರು. ತಮ್ಮ ಸಹಿ ನೋಡಿದರು. ಆಮೇಲೆ ನಾಗರತ್ನ ಬರೆದದ್ದನ್ನು ಓದಿದರು, ಪಾಠ ಓದುವ ಹಾಗೆ, ಎಲ್ಲರಿಗೂ ಕೇಳುವ ಹಾಗೆ. ಕಡೆಯ ಸಾಲನ್ನು ಎರಡು ಸಲ ಓದಿದರು.

ಎಲ್ಲರಿಗಿಂತ ಮೊದಲು ಮಾತಾಡಿದ್ದು ಸುಂದರಬಾಯಿ. ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. "ಸೋಮವಾರ ಹಿಡಿಸಿದಾಕಿ ನಾನೇ. ಮೈಯಾಗ ಹುಷಾರಾಗ್ಲಿ ಅಂತ. ಮನ್ಯಾಗಿನ ಪಟ್ಟಿನೂ ಉಷ್ಣ ಆಗ್ತದಂತ ನಾನೇ ತೆಗೆದಿಟ್ಟೀನಿ. ಯಾರ್ ತಪ್ಪು ಹುಡುಕ್ತೀರಿ ನೀವು?"

ಗೌಡರು ಪೆನ್ನಿನ ಕ್ಯಾಪ್ ಹಾಕಿದರು.

"ಮತ್ತ ದೇವ್ರ ವಾರ ಬಿಡ್ಸೂದೇನು?" ಎಂದು ಒಬ್ಬ ಮುದುಕಿ ಕೇಳಿದಳು. ಯಾರೂ ಬಿಡುವುದು ಬೇಡ, ಗುಳಿಗೆಯ ವಾರ ಬದಲು ಮಾಡಿದರೆ ಸಾಕು ಎಂದು ಸುನಿತಾ ಟೀಚರ್ ಹೇಳಿದರು. ಅಷ್ಟಕ್ಕೇ ಗದ್ದಲ. ಮಂಗಳವಾರ ಎಂದರೆ ಒಬ್ಬರು ಬೇಡ ಎಂದರು, ಗುರುವಾರ ಎಂದರೆ ಇನ್ನೊಬ್ಬರು. ಆಪಾ ಗಟ್ಟಿಯಾಗಿ ಒದರಿದಳು: "ಬುಧವಾರ್ರೀ! ಬುಧವಾರ ಯಾ ದೇವ್ರೂ ಡ್ಯೂಟಿ ಮ್ಯಾಲಿಲ್ಲ. ಸಕ್ಕು ಬರಕೊಂಡಾಳ, ನೋಡ್ರಿ!"

ಹೆಡ್ ಮಾಸ್ತರು ಸಿಸ್ಟರಿಗೆ ಫೋನು ಹಚ್ಚಿದರು. ಊಟ ಆಗಿರುವುದು ಮುಖ್ಯ, ವಾರ ಯಾವುದಾದರೂ ನಡೆಯುತ್ತದೆ, ತಾನು ಮೇಲಿನವರಿಗೆ ತಿಳಿಸುತ್ತೇನೆ ಎಂದರಂತೆ.

ಕಿಟಕಿಯ ಆಚೆ ಶಾಂಭವಿ ಇದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಆಗಸ್ಟ್ 21, ಗುರುವಾರ

ಇವರಿಗೆ ಸುದ್ದಿ ಮುಟ್ಟಿದೆ. ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರು. ಏನಾದರೂ ಅನ್ನಲಿ ಎಂದು ಕಾದೆ. ಹೊಡೆದರೂ ಸರಿ ಎನ್ನಿಸಿತು.

ದೀಪ ಹಚ್ಚಿದ ಮೇಲೆ ಅಂದರು. "ಆ ಫೋನು ಬಂದಾಗ ನಾ ಬಾಜೂಕೇ ಕುಂತಿದ್ದೆ ಸಕ್ಕೂ. ಹಗ್ಗಾ ಹೊಸಿಯಾಕತ್ತಿದ್ದೆ. ನೀ ಬ್ಯಾಡ ಬಿಡು ಅಂದಿದ್ದು ಕೇಳಿತ್ತು. ಯಾಕ ಅಂತ ನಾನೂ ಕೇಳಿಲ್ಲ."

ಅವಳು ಹೋದ ಈ ಐದು ತಿಂಗಳೂ ಇದನ್ನು ಒಬ್ಬರೇ ಹೊತ್ತಿದ್ದರು. ಒಂದೇ ಮನೆಯಲ್ಲಿ.

ನುಗ್ಗೆ ಸೊಪ್ಪು ತಂದಿದ್ದರು. ಪಲ್ಯ ಮಾಡಿದೆ. ಪಾತ್ರೆ ಖಾಲಿಯಾಯಿತು.

ಆಗಸ್ಟ್ 25, ಸೋಮವಾರ

ಶಾಂಭವಿ ತಾಟು ತೆಗೆದುಕೊಂಡಳು. ನನ್ನ ಸಾಲಿಗೆ ಬರಲಿಲ್ಲ, ಆಪಾಳ ಕಡೆ ಹೋದಳು. ಸೋಮವಾರ ಬಿಟ್ಟಿಲ್ಲವಂತೆ. ಸುಂದರಬಾಯಿ ತಾನೇ ಮಗಳ ಬದಲು ಹಿಡಿದಿದ್ದಾಳೆ. ಮನೆಯ ಪಟ್ಟಿಯೂ ಶುರುವಾಗಿದೆ ಎಂದು ಟೀಚರ್ ಹೇಳಿದರು.

ಆದರೂ ಹೆದರಿಕೆ ಹೋಗಿಲ್ಲ. ಅವಳು ಎದ್ದಾಗಲೆಲ್ಲ ಕಟ್ಟೆಯ ಕಡೆ ನೋಡುತ್ತೇನೆ. ನಲ್ಲಿಯ ಕಟ್ಟೆಗೆ ಗೋಣಿಚೀಲ ಮಡಚಿ ಕಟ್ಟಿಬಂದೆ.

ಸೆಪ್ಟೆಂಬರ್ 3, ಬುಧವಾರ

ಗುಳಿಗೆಯ ಮೊದಲ ಬುಧವಾರ, ಹೋದ ವಾರ ಚೌತಿ ರಜೆ ಇತ್ತು. ಬೆಳಗಿನಿಂದ 'ಇವತ್ತು ಯಾರಾದರೂ ಬಿದ್ದರೆ' ಎನ್ನುವುದೊಂದೇ. ಗೌಡರು ತಾವೇ ಬಂದು ವರಾಂಡದಲ್ಲಿ ನಿಂತಿದ್ದರು. ಬಡಿಸುವಾಗ ಒಬ್ಬೊಬ್ಬರ ತಾಟು ನೋಡಿದೆ. ಟೀಚರ್ ಈಗ ಹುಡುಗಿಯರನ್ನು ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ. "ಸಕ್ಕುಬಾಯಿ, ಆಯ್ತೇನು?" ತಾಟು ಎಣಿಸಿ ಆಯ್ತು ಎಂದರೆ ಮಾತ್ರ ಡಬ್ಬಿ ತೆರೆಯುತ್ತಾರೆ. ಇವತ್ತು ಎರಡು ಸಲ ಎಣಿಸಿ ಹೇಳಿದೆ.

ಒಂದು ತಾಸು ಕಳೆಯಿತು. ಎರಡು ತಾಸು. ಯಾರೂ ಬೀಳಲಿಲ್ಲ.

ಶಾಂಭವಿ ತಾಟು ಇಡಲು ಬಂದವಳು ಹೋಗದೆ ನಿಂತಳು. "ಹೇಳಬ್ಯಾಡ್ರಿ ಅಂದಿದ್ನಲ್ಲ ಕಾಕಿ. ಎಲ್ಲಾರ ಮುಂದ ಹೇಳಿದ್ರಿ."

"ಹೇಳಿದೆನವ್ವಾ."

"ನೀವೂ ಹಗಲೆಲ್ಲಾ ಏನೂ ಉಣ್ಣಂಗಿಲ್ಲ. ನಾ ನೋಡೀನಿ. ನಾ ಯಾರಿಗರ ಹೇಳೀನೇನು?" ಎಂದಳು. ಹಣೆಯ ಗಾಯದ ಗುರುತು ಬಿಸಿಲಿಗೆ ಹೊಳೆಯುತ್ತಿತ್ತು. "ನಿಮ್ಮ ಒಪ್ಪತ್ತು ಯಾ ದೇವ್ರಿಂದು?"

ನಾನು ಅವಳ ತಾಟು ಎತ್ತಿ ತೊಳೆಯತೊಡಗಿದೆ. ಅವಳು ಕಾದು, ಹೋದಳು.

ಸೆಪ್ಟೆಂಬರ್ 10, ಬುಧವಾರ

ಸಿಸ್ಟರ್ ಮಷಿನ್ ತಂದಿದ್ದರು. ಶಾಂಭವಿ ಬೆರಳು ಕೊಟ್ಟಾಗ ನಾನು ಬಾಗಿಲ ಚೌಕಟ್ಟು ಹಿಡಿದಿದ್ದೆ. ಆಪಾ ನನ್ನ ಸೆರಗು ಹಿಡಿದಿದ್ದಳು.

ಒಂಬತ್ತು ಪಾಯಿಂಟ್ ಐದು.

ಹನ್ನೆರಡಕ್ಕೆ ಇನ್ನೂ ದೂರ ಇದೆ, ನಿಲ್ಲಿಸಬಾರದು ಎಂದರು ಸಿಸ್ಟರ್. ಶಾಂಭವಿ ಅಡುಗೆ ಕೋಣೆಗೆ ಓಡಿ ಬಂದಳು. ಮೊರದಲ್ಲಿ ಅಕ್ಕಿ ಇತ್ತು, ಅದರ ಕಡೆ ನೋಡಲಿಲ್ಲ. "ಒಂಬತ್ತೂವರಿ ಕಾಕಿ!" ಎಂದು ಕೂಗಿ, ದಮ್ಮು ಹತ್ತಿ, ಗೋಡೆ ಹಿಡಿದು ನಿಂತಳು. ನಿಲ್ಲಲೇಬೇಕಾಯಿತು ಇನ್ನೂ. ಒಂದೊಂದೇ ಮೆಟ್ಟಿಲು.

ಮಳೆ ಬರುವ ಹಾಗಿತ್ತು, ಬೇಗ ಬೇಗ ತಾಟು ತೊಳೆದೆ. ಲೆಕ್ಕ ತಪ್ಪಿತು. ಮಕ್ಕಳು ನೂರಾ ನಲವತ್ತಮೂರು. ಟೀಚರುಗಳು ಡಬ್ಬಿ ತರುತ್ತಾರೆ, ಆಪಾ ತನ್ನ ಬಟ್ಟಲಿನಲ್ಲಿ ಉಣ್ಣುತ್ತಾಳೆ. ತಾಟು ನೂರಾ ನಲವತ್ತನಾಲ್ಕು ಬಂತು. ಮತ್ತೆ ಎಣಿಸಿದೆ. ಮತ್ತೆ ಅಷ್ಟೇ. ಗುಳಿಗೆಯ ಲೆಕ್ಕ ತಪ್ಪಿದರೆ ಏನು ಗತಿ ಎಂದು ಮೂರನೇ ಸಲ ಎಣಿಸಿದೆ.

"ಆಪಾ, ಒಂದ್ ಹೆಚ್ಚಿಗಿ ಬರಾಕತ್ತದ. ಯಾರದಿದು?"

ಆಪಾ ಬೂದಿ ಕೈಯಿಂದಲೇ ಹಣೆ ಚಚ್ಚಿಕೊಂಡಳು. "ಅದು ನಿಂದ ಬೇ! ಹುಡುಗಿ ಬಾಜೂಕ ಕುಂತು ಉಂಡೀದಿ, ಈಗ ನನ್ನ ಕೇಳ್ತಿ."

ಎಲ್ಲ ತಾಟು ಬೋರಲು ಹಾಕಿ ಕೀಲಿ ಹಾಕಿ ಬಂದೆ. ಇವತ್ತು ಸಾರಿಗೆ ಉಪ್ಪು ಕಡಿಮೆಯಾಗಿತ್ತು. ನಾಳೆ ಆಪಾಗೆ ಹೇಳಬೇಕು.